ಐದನೆಯವಳು

ಸ್ಮಿತಾ ಸೇರಿದಾಗ ಆ ಸೊರಾರಿಟಿಯಲ್ಲಿ ಇದ್ದವರು ನಾಲ್ಕೇ ಜನ. ಡೆಟ್ರಾಯ್ಟ್‌ನ ಅವಳ ಕಾಲೇಜಿನಲ್ಲಿ ಹುಡುಗಿಯರ ಇಂಥ ಸಂಘಗಳು ಬೇರೆ ಎಷ್ಟೋ ಇದ್ದವು. ಅವುಗಳಲ್ಲಿ ನೂರಾರು ಜನ, ಕೆಲವಕ್ಕೆ ಸ್ವಂತ ಮನೆಗಳೂ ಇದ್ದವು. ಇವರಿಗಿದ್ದದ್ದು ಸ್ಟೂಡೆಂಟ್ ಸೆಂಟರಿನ ಮೂರನೆಯ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಲೆಬನಾನ್ ಮೂಲದ ನಾದಿಯಾ ಅಧ್ಯಕ್ಷೆ. ಉಳಿದವರು ಮೆಕ್ಸಿಕೋ ಮೂಲದ ಮರಿಸೋಲ್, ಊರಿನವಳೇ ಆದ ಒಬ್ಬ ಕಪ್ಪು ಹುಡುಗಿ, ಲಾವೋಸ್ ಕಡೆಯ ಇನ್ನೊಬ್ಬಳು. ದೊಡ್ಡ ಗುಂಪುಗಳಲ್ಲಿ ಹೊಂದದವರೆಲ್ಲ ಇಲ್ಲಿ ಕೂಡಿದ್ದರು. ಐದು ಜನರಿಲ್ಲದಿದ್ದರೆ ಕಾಲೇಜು ಮಾನ್ಯತೆ ಕಿತ್ತುಕೊಳ್ಳುತ್ತಿತ್ತು.

ಅದು ೨೦೦೮ರ ಸೆಪ್ಟೆಂಬರ್. ಸ್ಮಿತಾ ದಿನವೂ ಮನೆಯಿದ್ದ ಕ್ಯಾಂಟನ್‌ನಿಂದ ಇಪ್ಪತ್ತೈದು ಮೈಲಿ ಡ್ರೈವ್ ಮಾಡಿಕೊಂಡು ಬಂದು, ಪಾಠ ಕೇಳಿ, ಕಾರಿನಲ್ಲೇ ಕೂತು ಚಪಾತಿ ತಿಂದು ವಾಪಸಾಗುತ್ತಿದ್ದಳು. ಮೊದಲ ವರ್ಷವೆಲ್ಲ ಹಾಗೇ ಕಳೆದಿತ್ತು. ಒಂದು ಮಧ್ಯಾಹ್ನ ನಾದಿಯಾ ಕಾರಿನ ಗಾಜು ತಟ್ಟಿದಳು. ದಿನಾ ಇಲ್ಲೇ ತಿನ್ನುತ್ತೀಯಲ್ಲ, ಮೇಲೆ ನಮ್ಮ ಕೋಣೆಯಲ್ಲಿ ಮೈಕ್ರೋವೇವ್ ಇದೆ, ಬಾ ಎಂದಳು.

ಮನೆಯಲ್ಲಿ ತಾಯಿ ಸುವರ್ಣಮ್ಮ ಕೇಳಿದರು: "ಸೊರಾರಿಟಿ ಅಂದ್ರ ಏನವಾ? ಕುಡಿಯೂದು, ಕುಣಿಯೂದು ಏನರ ಐತೇನು?"

"ನೋ ಅಮ್ಮಾ. ಜಸ್ಟ್ ಸಿಸ್ಟರ್ಸ್."

"ಅಕ್ಕತಂಗೇರು ಬೇಕಾಗಿದ್ರೇನು ನಿನಗ," ಎಂದರು ಸುವರ್ಣಮ್ಮ. ಸ್ಮಿತಾ ಒಬ್ಬಳೇ ಮಗಳು.

ನವೆಂಬರಿನಲ್ಲಿ, ಡಿಯರ್‌ಬಾರ್ನ್‌ನ ನಾದಿಯಾಳ ಮನೆಯ ಬೇಸ್‌ಮೆಂಟಿನಲ್ಲಿ ಅವಳನ್ನು ಸೇರಿಸಿಕೊಂಡರು. ಹೊಸಬಳು ತನ್ನ ತಾಯಿ, ಅಜ್ಜಿಯರ ಹೆಸರನ್ನು ಮನೆಮಾತಿನಲ್ಲಿ ಹೇಳಬೇಕು. ಅದು ಅವರ ಪದ್ಧತಿ. "ಗಂಗಮ್ಮನ ಮಗಳು ಸುವರ್ಣಮ್ಮ, ಸುವರ್ಣಮ್ಮನ ಮಗಳು ನಾನು," ಎಂದಳು ಸ್ಮಿತಾ. ನಾಲ್ವರೂ ಗಂಗಮ್ಮನ ಹೆಸರನ್ನು ತಮಗೆ ಬಂದ ಹಾಗೆ ಉಚ್ಚರಿಸಿದರು. ಸ್ಮಿತಾಳ ಕಣ್ಣು ತುಂಬಿತು. ಡಿಗ್ರಿ ಮುಗಿಯುವವರೆಗೂ ಬಿಟ್ಟುಹೋಗುವುದಿಲ್ಲವೆಂದು ಮಾತು ಕೊಟ್ಟಳು.

ಫೆಬ್ರವರಿಯಲ್ಲಿ ಅಪ್ಪ ಶರಣಪ್ಪನವರ ಕೆಲಸ ಹೋಯಿತು. ಕಾರಿನ ಬ್ರೇಕ್ ಡಿಸೈನ್ ಮಾಡುತ್ತಿದ್ದ ಅವರ ವಿಭಾಗವನ್ನೇ ಕಂಪನಿ ಮುಚ್ಚಿತ್ತು. ಮೊದಮೊದಲು ಅವರು ಆರಕ್ಕೇ ಎದ್ದು, ಶೇವ್ ಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಅಪ್ಲೈ ಮಾಡಲು ಕೂರುತ್ತಿದ್ದರು. ಏಪ್ರಿಲ್ ಹೊತ್ತಿಗೆ ದಿನಾ ಶೇವ್ ಮಾಡುವುದನ್ನೂ ಬಿಟ್ಟರು. ಕರೆದರೆ ಎರಡನೆಯ ಸಲಕ್ಕೆ ತಿರುಗಿ ನೋಡುತ್ತಿದ್ದರು.

ಜೂನ್‌ನಲ್ಲಿ ಅವರಿಗೆ ಸುಮಾರು ಮುನ್ನೂರು ಮೈಲಿ ಆಚೆಯ ಡೆಸ್ ಪ್ಲೇನ್ಸ್‌ನಲ್ಲಿ ಒಂದು ವರ್ಷದ ಕಾಂಟ್ರ್ಯಾಕ್ಟ್ ಸಿಕ್ಕಿತು. ಅದರ ಹತ್ತಿರದ ಸ್ಕೋಕಿಯಲ್ಲಿ ಅಪಾರ್ಟ್‌ಮೆಂಟ್ ಗೊತ್ತಾಯಿತು. ವಿಷಯ ಹೇಳದಿದ್ದರೂ ಹೇಗೋ ಊಹಿಸಿದ ಹಾಗೆ ನಾದಿಯಾ, ಯಾವತ್ತು ಬೇಕಾದರೂ ನಮ್ಮ ಮನೆಯಲ್ಲೇ ಇದ್ದು ಓದಬಹುದು ಎಂದಿದ್ದಳು. ಸ್ಮಿತಾ ಅದನ್ನು ಮನೆಯಲ್ಲಿ ಹೇಳಿದಳು.

"ಮಂದಿ ಮನ್ಯಾಗ ಹೆಂಗ ಬಿಡೂದ್ರೀ?" ಎಂದು ಸುವರ್ಣಮ್ಮ ಗಂಡನ ಮುಖ ನೋಡಿದರು.

ಶರಣಪ್ಪ ಮಗಳ ಕಡೆ ತಿರುಗಿದರು. "ನೀ ಏನಂತಿ?"

ಅವರ ಮುಖದಲ್ಲಿ ನಾಲ್ಕು ದಿನದ ಗಡ್ಡ, ಅದರಲ್ಲಿ ಅರ್ಧ ಬೆಳ್ಳಗಾಗಿತ್ತು. ಸ್ಮಿತಾ, "ಐ ವಿಲ್ ಕಮ್," ಅಂದುಬಿಟ್ಟಳು.

ಗೆಳತಿಯರಿಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಅವರ ಜೊತೆ ಕೂತು ಸೆಪ್ಟೆಂಬರಿಗೆಂದು ಹೊಸ ಬ್ಯಾನರಿಗೆ ಬಣ್ಣ ಬಳಿದಳು. ಸ್ಕೋಕಿಗೆ ಬಂದ ಮರುದಿನ ಇಮೇಲ್ ಕಳಿಸಿದಳು. ನಾದಿಯಾಳಿಂದ ಒಂದೇ ಸಾಲು ಬಂತು: ಎದುರಿಗೆ ಹೇಳಬಹುದಿತ್ತು.

ಆ ಸೆಪ್ಟೆಂಬರಿನಲ್ಲಿ ಸಂಘದ ಮಾನ್ಯತೆ ಹೋಯಿತು. ಶರಣಪ್ಪನವರ ಕಾಂಟ್ರ್ಯಾಕ್ಟನ್ನೂ ನಾಲ್ಕೇ ತಿಂಗಳಿಗೆ ನಿಲ್ಲಿಸಿದರು. ಸ್ಮಿತಾ ವಿಮಾನ ನಿಲ್ದಾಣದ ಹತ್ತಿರ ಕಾರ್ಗೋ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿ, ಸಂಜೆ ಕಮ್ಯುನಿಟಿ ಕಾಲೇಜಿಗೆ ಹೋಗತೊಡಗಿದಳು.

ಡಿಸೆಂಬರಿನ ಒಂದು ಶನಿವಾರ ತಡೆಯಲಾಗದೆ ಡೆಟ್ರಾಯ್ಟ್‌ಗೆ ಕಾರು ಓಡಿಸಿಕೊಂಡು ಹೋದಳು. ಸಂಘದ ಹಳೆಯ ಕೋಣೆಯ ಬಾಗಿಲ ಮೇಲೆ ಚೆಸ್ ಕ್ಲಬ್ಬಿನ ಹೆಸರಿತ್ತು. ನಾದಿಯಾ ಕಾಫಿಗೆ ಬಂದಳು. ಮರಿಸೋಲ್ ಓದು ಬಿಟ್ಟಳು ಎಂದಳು, ಅಪ್ಪ ಹೇಗಿದ್ದಾರೆಂದು ವಿಚಾರಿಸಿದಳು. ಬೈಯಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಜೊತೆ ಮಾತಾಡುವಷ್ಟೇ ಮರ್ಯಾದೆಯಿಂದ ಮಾತಾಡಿ, ಲೈಬ್ರರಿಗೆ ಹೋಗಬೇಕೆಂದು ಎದ್ದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಸ್ಮಿತಾಗೆ ದಾರಿಯುದ್ದಕ್ಕೂ ಅನ್ನಿಸಿತು.

ಮನೆಗೆ ಬಂದಾಗ ಶರಣಪ್ಪ ಪಾರ್ಕಿಂಗ್ ಲಾಟ್ ಕಡೆಯ ಕಿಟಕಿಯ ಹತ್ತಿರ ಕೂತಿದ್ದರು.

"ನಿನ್ನ ಅಲ್ಲೇ ಬಿಟ್ಟು ಬರಬೇಕಿತ್ತವಾ," ಎಂದರು. "ನೀ ಏನಂತಿ ಅಂತ ನಾ ಸುಳ್ಳ ಕೇಳಿದೆ. ಕೇಳಿದ್ರ ಬರ್ತೀನಿ ಅಂತೀ ಅನ್ನೂದು ನನಗ ಗೊತ್ತಿತ್ತು."

ಸ್ಮಿತಾ ಕೋಟು ಬಿಚ್ಚದೆ ನಿಂತೇ ಇದ್ದಳು. ಒಳಗೆ ಸುವರ್ಣಮ್ಮ ಊಟಕ್ಕೆ ಕರೆಯುತ್ತಿದ್ದರು.

ಡಿಗ್ರಿ ಮುಗಿಯುವಷ್ಟರಲ್ಲಿ ಅವಳಿಗೆ ಇಪ್ಪತ್ತಾರು ತುಂಬಿತ್ತು. ಮತ್ತೆ ಯಾವ ಸಂಘಕ್ಕೂ ಅವಳು ಹೆಸರು ಕೊಡಲಿಲ್ಲ.