ಬೀಗಿತ್ತಿಯ ಸ್ಮೂದಿಗೆ ಹತ್ತಕ್ಕೆ ನಾಲ್ಕು

ಮೊಮ್ಮಗಳ ಏಳನೇ ಹುಟ್ಟುಹಬ್ಬದ ದಿನ ನನ್ನ ಬೀಗಿತ್ತಿ ಇಪ್ಪತ್ತು ಜನರ ಮುಂದೆ ನನ್ನನ್ನು ನಗೆಪಾಟಲು ಮಾಡಿದರು. ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ. ಅವರ ಮನೆ ಮಲ್ಲೇಶ್ವರದಲ್ಲಿ, ನಮ್ಮದು ಶಂಕರಪುರದಲ್ಲಿ. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷಗಳಾಗಿದ್ದವು. ಕೇಕು ಕತ್ತರಿಸಿ ಆಗಿತ್ತು. ಮಗುವಿನ ಕೈಗೆ ಸ್ಮೂದಿ ಎಂಬ ಗಟ್ಟಿ ತಂಪು ಪಾನೀಯ ತುಂಬಿದ ಉದ್ದನೆಯ ಗಾಜಿನ ಲೋಟವೊಂದನ್ನು ಕೊಟ್ಟು ಅವರು ಎಲ್ಲರಿಗೂ ಕೇಳಿಸುವಂತೆ ಹೇಳಿದರು:

"ಆರಾಮಾಗಿ ಕುಡಿ ಚಿನ್ನ, ಇಲ್ಲಿ ಯಾರೂ ಬೆಲ್ ಹೊಡೆಯಲ್ಲ. ಶಂಕರಪುರದ ಅಜ್ಜಿ ಮನೇಲಿ ಹಾಲಿಗೆ ನಾಲ್ಕೂವರೆ, ಹೋಮ್‌ವರ್ಕಿಗೆ ಐದು, ನಗೋಕೆ ಭಾನುವಾರ!"

ಎಲ್ಲರೂ ನಕ್ಕರು. ನನ್ನ ಮಗಳೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. ನಗುತ್ತಲೇ, ಇದನ್ನು ಹೀಗೇ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಉರಿದದ್ದು ಅದಕ್ಕೇ. ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು ನಾನು. ಐದಕ್ಕೆ ಏಳುವುದು, ಆರಕ್ಕೆ ಹಾಲು ಕಾಯಿಸುವುದು, ಆರಿದ ಮೇಲೆ ಕೆನೆ ತೆಗೆದು ಬೇರೆ ಪಾತ್ರೆಗೆ ಹಾಕುವುದು, ಎಂಟನೇ ದಿನ ಕಡೆದು ಬೆಣ್ಣೆ ತೆಗೆದು ತುಪ್ಪ ಕಾಯಿಸುವುದು, ಇವು ಯಾವುವೂ ನಮ್ಮ ಮನೆಯಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಮಗುವಿಗೂ ಅದೇ ಕ್ರಮ. ಅವಳು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದರೆ ಭಾನುವಾರ ಸಂಜೆಯವರೆಗೆ ನನ್ನ ಜೊತೆ ಇರುತ್ತಿದ್ದಳು. ವಾರದ ಉಳಿದ ಐದೂವರೆ ದಿನ ನಾನು ಆ ಒಂದೂವರೆ ದಿನಕ್ಕಾಗಿ ಕಾಯುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಹುಟ್ಟುಹಬ್ಬದ ನಂತರದ ಶನಿವಾರ ಅವಳು ಬರಲಿಲ್ಲ. ಮಗಳು ಫೋನು ಮಾಡಿದಳು.

"ಅಮ್ಮ, ಅವಳು ಈ ವಾರ ಇಲ್ಲೇ ಇರ್ತಾಳಂತೆ. ಅತ್ತೆ ಸ್ಮೂದಿ ಮಾಡ್ಕೊಡ್ತೀನಿ ಅಂದಿದಾರೆ."

"ಒಂದು ಲೋಟ ಮಿಲ್ಕ್‌ಶೇಕಿಗೋಸ್ಕರ ಇಲ್ಲಿಗೆ ಬರೋದು ಬಿಟ್ಲಾ?"

"ಮಿಲ್ಕ್‌ಶೇಕ್ ಅಲ್ಲಮ್ಮ, ಸ್ಮೂದಿ. ಹಾಗಂದ್ರೆ ಅತ್ತೆ ಬೇಜಾರು ಮಾಡ್ಕೋತಾರೆ."

ಅದರ ಮುಂದಿನ ಶನಿವಾರವೂ ಬರಲಿಲ್ಲ. ಮೂರನೆಯದೂ ಹಾಗೇ ಹೋಯಿತು. ಆಗ ನಾನು ಬೀಗಿತ್ತಿಗೇ ಫೋನು ಮಾಡಿ ಸ್ಮೂದಿ ಮಾಡುವುದು ಹೇಗೆಂದು ಕೇಳಿದೆ. ನನ್ನ ಶನಿವಾರ ಯಾವುದರಿಂದ ಹೋಯಿತೋ ಅದರಿಂದಲೇ ವಾಪಸು ಬರಬೇಕು.

"ಅಯ್ಯೋ, ಅದರಲ್ಲೇನಿದೆ ಬೀಗ್ರೇ," ಎಂದರು. "ಎರಡು ಕಳಿತ ಬಾಳೆಹಣ್ಣು ಹೆಚ್ಚಿ ಫ್ರೀಜರ್‌ನಲ್ಲಿಡಿ. ಎರಡು ಚಮಚ ಕೋಕೋ ಪುಡಿ, ಸಕ್ಕರೆ, ಒಂದು ಲೋಟ ತಣ್ಣಗಿರೋ ಹಾಲು. ಮಿಕ್ಸಿಗೆ ಹಾಕಿ ತಿರುವಿಬಿಡಿ."

"ಇಷ್ಟೇನಾ?"

"ಇಷ್ಟೇ ರೀ. ನೀವು ನೋಟ್ಸ್ ಬರ್ಕೋತಿದೀರಾ ಏನು?" ಎಂದು ನಕ್ಕರು.

ಹೌದು, ಬರೆದುಕೊಳ್ಳುತ್ತಿದ್ದೆ. ಗಾಂಧಿ ಬಜಾರಿಗೆ ಹೋಗಿ ಏಲಕ್ಕಿ ಬಾಳೆ ತಂದೆ. ಹೆಚ್ಚಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟೆ. ಮರುದಿನ ಅಳತೆ ಹಿಡಿದು ಮಿಕ್ಸಿಗೆ ಹಾಕಿದೆ. ಬಂದದ್ದು ಕಂದು ಬಣ್ಣದ ನೀರು. ಸಿಹಿ ಇತ್ತು, ತಂಪಿತ್ತು, ಗಟ್ಟಿತನ ಮಾತ್ರ ಇಲ್ಲ. ಎರಡನೇ ಸಲ ಪಚ್ಚಬಾಳೆ ಹಾಕಿದೆ. ಮೂರನೇ ಸಲ ಹಾಲು ಕಡಿಮೆ ಮಾಡಿದೆ. ಅದು ಚಮಚಕ್ಕೆ ಅಂಟಿಕೊಂಡು ಕೆಳಗಿಳಿಯಲೇ ಇಲ್ಲ. ಪ್ರತಿ ಸಲವೂ ಕುಡಿದು ಮುಗಿಸುತ್ತಿದ್ದವರು ನಮ್ಮ ಯಜಮಾನರು. ಮೂರನೆಯದನ್ನು ನೋಡಿ, "ಏನೇ ಇದು, ಕುಡಿಯೋಕಾ ಗೋಡೆಗೆ ಮೆತ್ತೋಕಾ?" ಎಂದರು.

ನಾಲ್ಕನೆಯದನ್ನು ಮಾಡಿ ಮೊಮ್ಮಗಳನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಎರಡು ಗುಟುಕು ಕುಡಿದು ಲೋಟ ಮೇಜಿನ ಮೇಲಿಟ್ಟಳು.

"ಚೆನ್ನಾಗಿದೆ ಅಜ್ಜಿ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಅಜ್ಜೀದು ಬೆಣ್ಣೆ ಥರ ಇರತ್ತೆ. ಇದು ನೀರು," ಎಂದಳು.

ಬೀಗಿತ್ತಿ ಏನೋ ಒಂದನ್ನು ಮುಚ್ಚಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಐಸ್‌ಕ್ರೀಮು ಇರಬಹುದು, ಕಸ್ಟರ್ಡ್ ಪುಡಿ ಇರಬಹುದು. ನಾನು ಮರ್ಯಾದೆ ಬಿಟ್ಟು ಕೇಳಿದ್ದೆ, ಅವರು ಅರ್ಧ ಹೇಳಿ ಕೈತೊಳೆದುಕೊಂಡಿದ್ದರು. ಹುಟ್ಟುಹಬ್ಬದ ನಗುವಿನ ಮೇಲೆ ಇದೊಂದು ಸೇರಿತು.

ಅವಕಾಶವನ್ನು ತಂದುಕೊಟ್ಟವರೂ ಅವರೇ. ಅವರ ಮಹಿಳಾ ಸಮಾಜದಲ್ಲಿ ಬೇಸಿಗೆಗೆ ತಂಪು ಪಾನೀಯಗಳ ಸ್ಪರ್ಧೆ ಇಟ್ಟಿದ್ದರು. ತೀರ್ಪಿಗೆ ಸಮಾಜದ ಹೊರಗಿನವರೊಬ್ಬರು ಬೇಕಾಗಿತ್ತು. ಹಿಂದಿನ ವರ್ಷ ಬಹುಮಾನದ ವಿಷಯಕ್ಕೆ ದೊಡ್ಡ ಜಗಳವಾಗಿತ್ತಂತೆ.

"ನೀವೇ ಬರಬೇಕು ಬೀಗ್ರೇ. ನೀವು ಹಾಕಿದ ಮಾರ್ಕ್ಸಿಗೆ ಯಾರೂ ಎದುರು ಮಾತಾಡಲ್ಲ."

"ನೀವೂ ಸ್ಪರ್ಧೇಲಿದೀರಲ್ಲ. ನಾನು ಸಂಬಂಧಿಕಳು. ಚೆನ್ನಾಗಿರಲ್ಲ."

"ನೀವು ನಂಗೆ ಜಾಸ್ತಿ ಹಾಕ್ತೀರಿ ಅಂತ ಯಾರಾದ್ರೂ ನಂಬ್ತಾರಾ? ಸ್ವಂತ ಮಗಳಿಗೇ ಅರ್ಧ ಮಾರ್ಕ್ಸ್ ಬಿಟ್ಟುಕೊಡದೋರು!"

ಅದೂ ನಿಜ. ನನ್ನ ಮಗಳು ನನ್ನ ಶಾಲೆಯಲ್ಲೇ ಓದಿದವಳು. ಆಡಳಿತ ಮಂಡಳಿಯ ಸದಸ್ಯರೊಬ್ಬರ ಮಗಳು ಒಂದು ಅಂಕದಲ್ಲಿ ಫೇಲಾದಾಗ ಅವರೇ ಮನೆಗೆ ಬಂದು ಕೂತಿದ್ದರು; ಕಾಫಿ ಕೊಟ್ಟು ಕಳಿಸಿದ್ದೆ, ಅಂಕ ಕೊಟ್ಟಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಯಾವ ಹುಡುಗಿಗೂ ಹೆಚ್ಚು ಹಾಕಿದವಳಲ್ಲ, ಕಡಿಮೆ ಹಾಕಿದವಳೂ ಅಲ್ಲ. ಒಪ್ಪಿಕೊಂಡೆ. ಅವರು ಏನನ್ನು ಮುಚ್ಚಿಡುತ್ತಿದ್ದಾರೆಂದು ಕಣ್ಣಾರೆ ನೋಡಬೇಕಾಗಿತ್ತು. ಅಲ್ಲಿ ಎಲ್ಲರೂ ತೀರ್ಪುಗಾರರ ಎದುರಿಗೇ ಮಾಡಿ ತೋರಿಸಬೇಕೆಂಬ ನಿಯಮವಿತ್ತು.

ಹನ್ನೊಂದು ಜನ ಇದ್ದರು. ಕರಬೂಜದ ಪಾನಕ, ಹುರಿಹಿಟ್ಟು ಕದಡಿದ ಮಜ್ಜಿಗೆ, ಕೋಕಂ ಶರಬತ್ತು, ಏನೇನೋ. ಬೀಗಿತ್ತಿಯ ಸರದಿ ಎಂಟನೆಯದು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಹೆಚ್ಚಿದ ಹಣ್ಣು ಹಾಕಿದರು, ಕೋಕೋ ಹಾಕಿದರು, ಸಕ್ಕರೆ ಹಾಕಿದರು. ಆಮೇಲೆ ಹಾಲಿನ ಪಾತ್ರೆಯ ಮುಚ್ಚಳ ತೆಗೆದರು. ಮೇಲೆ ಬೆರಳ ದಪ್ಪದ ಕೆನೆ ಕಟ್ಟಿತ್ತು. ಪಾತ್ರೆ ಬಗ್ಗಿಸಿದಾಗ ಅದು ಒಂದೇ ಮುದ್ದೆಯಾಗಿ ಜಾರಿ ಮಿಕ್ಸಿಯ ಜಾರಿನೊಳಗೆ ಬಿತ್ತು.

ಬೇರೇನೂ ಹಾಕಲಿಲ್ಲ. ಮುಚ್ಚಳ ಮುಚ್ಚಿ ಮಿಕ್ಸಿ ಹಾಕಿದರು.

ಅವರು ನನಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಾಲು ಎಂದರೆ ಅವರ ಮನೆಯಲ್ಲಿ ಕೆನೆ ಸಮೇತ ಹಾಲು. ನಮ್ಮ ಮನೆಯಲ್ಲಿ ಕೆನೆ ಇರುವ ಹಾಲನ್ನು ನಾನು ಮದುವೆಯಾದಾಗಿನಿಂದ ಯಾರೂ ಕುಡಿದಿರಲಿಲ್ಲ. ನಾಲ್ಕು ಸಲ ಕೆಟ್ಟದ್ದು ನನ್ನ ಕೈಯಿಂದ, ದಿನಾ ಬೆಳಿಗ್ಗೆ ಕೆನೆ ತೆಗೆದಿಡುವ ನನ್ನ ಅಭ್ಯಾಸದಿಂದ. ಮಿಕ್ಸಿ ನಿಲ್ಲುವಷ್ಟರಲ್ಲಿ ಇದೆಲ್ಲ ನನಗೆ ಸ್ಪಷ್ಟವಾಗಿತ್ತು.

ಲೋಟ ನನ್ನ ಮುಂದೆ ಬಂತು. ಕುಡಿದೆ. ಹನ್ನೊಂದರಲ್ಲಿ ಅಷ್ಟು ಚೆನ್ನಾಗಿದ್ದದ್ದು ಇನ್ನೊಂದಿರಲಿಲ್ಲ. ನಾಲಿಗೆಯ ಮೇಲೆ ನಿಧಾನವಾಗಿ ಇಳಿಯಿತು, ಕಹಿ ಸಿಹಿ ಎರಡೂ ಹದವಾಗಿದ್ದವು. ಒಂಬತ್ತು ಹಾಕಬೇಕಾದ ಪಾನೀಯ.

ಬೀಗಿತ್ತಿ ಪಕ್ಕದವರ ಕಡೆ ತಿರುಗಿ ಪಿಸುಗುಟ್ಟಿದರು. ಪಿಸುಗುಟ್ಟಿದ್ದು ಮೂರು ಸಾಲಿನವರೆಗೆ ಕೇಳಿಸಿತು. "ನೋಡ್ತಿರಿ, ಈಗ ವಾಚ್ ನೋಡಿ ಕುಡೀತಾರೆ."

ಇಬ್ಬರು ಮೂವರು ಕಿಸಕ್ಕನೆ ನಕ್ಕರು. ನಾನು ಪೆನ್ನಿನ ಕ್ಯಾಪು ತೆಗೆದು ಹತ್ತಕ್ಕೆ ನಾಲ್ಕು ಎಂದು ಬರೆದೆ. ಎದುರಿನ ಷರಾ ಕಾಲಮ್ಮಿನಲ್ಲಿ, "ತೆಳುವಾಗಿದೆ. ಹದ ಸಾಲದು," ಎಂದು ಬರೆದು ಸಹಿ ಮಾಡಿದೆ. ಬಹುಮಾನ ಕರಬೂಜದ ಪಾನಕಕ್ಕೆ ಹೋಯಿತು. ಅಂಕಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು. ಅದರ ಮುಂದೆ ಬೀಗಿತ್ತಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನಿಂತಿದ್ದರು. ನಾನು ಎದುರಿನ ಕುರ್ಚಿಯಲ್ಲಿ ಕೂತು ಅವರ ಬೆನ್ನನ್ನು ನೋಡಿದೆ. ಸಂತೋಷವಾಗಿತ್ತು. ಇವತ್ತಿಗೂ ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ.

ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ, ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ. ಎರಡು ದಿನ ಬಿಟ್ಟು ಫೋನು ಬಂತು. ದನಿ ಬೇರೆಯೇ ಆಗಿತ್ತು.

"ಬೀಗ್ರೇ, ನಿಜವಾಗ್ಲೂ ಅಷ್ಟೊಂದು ತೆಳ್ಳಗಿತ್ತಾ?"

"ಸ್ವಲ್ಪ ತೆಳ್ಳಗಿತ್ತು."

"ನಮ್ಮನೇಲಿ ಎಲ್ಲರೂ ಚೆನ್ನಾಗಿದೆ ಅಂತಿದ್ರು. ಬಾಯಿಮಾತಿಗೆ ಅಂತಿದ್ರೇನೋ. ನೀವು ಬರೆದ್ರೆ ಸರಿಯಾಗೇ ಇರತ್ತೆ, ಬಿಡಿ."

ಸಿದ್ಧಮಾಡಿಕೊಂಡಿದ್ದ ಉತ್ತರ ಬೇಕಾಗಲಿಲ್ಲ. ನಾನು ಬರೆದ ಅಂಕ ಸುಳ್ಳಿರಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಆಮೇಲೆ ಗಟ್ಟಿಯಾಗಲಿ ಎಂದು ಹಣ್ಣು ಜಾಸ್ತಿ ಹಾಕಿದರಂತೆ, ಕಾರ್ನ್‌ಫ್ಲೋರ್ ಕುದಿಸಿ ಸೇರಿಸಿದರಂತೆ. ಪ್ರತಿ ಸಲವೂ ಕೆಡುತ್ತಾ ಹೋಯಿತೆಂದು ಮಗಳು ಬಂದಾಗ ಹೇಳಿದಳು. "ಪಾಪ, ಅತ್ತೆ ಅದೊಂದನ್ನ ತುಂಬ ಮನಸ್ಸಿಗೆ ಹಚ್ಕೊಂಡಿದಾರೆ," ಎಂದಳು. ನಾನು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

ಅದೇ ವಾರದಿಂದ ಶುಕ್ರವಾರದ ಹಾಲಿನ ಕೆನೆ ತೆಗೆಯುವುದನ್ನು ಬಿಟ್ಟೆ. ವಾರಕ್ಕೆ ಒಂದೇ ದಿನ. ಶನಿವಾರ ಮಧ್ಯಾಹ್ನ ಅದನ್ನು ಕೆನೆ ಸಮೇತ ಜಾರಿಗೆ ಸುರಿದು ಮಾಡಿದ ಸ್ಮೂದಿಯನ್ನು ಮೊಮ್ಮಗಳು ಲೋಟ ಇಳಿಸದೆ ಕುಡಿದಳು. ಮೇಲ್ತುಟಿಯ ಮೇಲೆ ಕಂದು ಮೀಸೆ ಮೂಡಿತ್ತು. ಮುಂದಿನ ಶನಿವಾರ ಕರೆಯದೆಯೇ ಬಂದಳು. ಅದರ ಮುಂದಿನದಕ್ಕೂ ಬಂದಳು.

ಒಂದು ದಿನ ಕುಡಿಯುತ್ತಾ ಕುಡಿಯುತ್ತಾ ಅಂದಳು, "ಅಜ್ಜಿ, ಆ ಅಜ್ಜಿ ಈಗ ಸ್ಮೂದಿ ಮಾಡೋದೇ ಇಲ್ಲ. ನಂಗೆ ಬರಲ್ಲ ಪುಟ್ಟ, ಅಂತಾರೆ."

"ಹೌದಾ?"

"ಮುಂಚೆ ಬರ್ತಿತ್ತು, ಈಗ ಮರೆತೋಗಿದೆ ಅನ್ಸತ್ತೆ. ನೀನು ಹೇಳ್ಕೊಡ್ತೀಯಾ ಅವರಿಗೆ?"

ಒಂದು ಮಾತು ಸಾಕಾಗಿತ್ತು. ಮೊದಲು ಮಾಡುತ್ತಿದ್ದ ಹಾಗೇ ಮಾಡಿ ಎಂದಿದ್ದರೆ ಮುಗಿಯುತ್ತಿತ್ತು. ಅದರ ಜೊತೆಗೆ ನನ್ನ ಶನಿವಾರಗಳೂ ಮುಗಿಯುತ್ತಿದ್ದವು.

"ರಜಾ ಬರಲಿ, ನೋಡೋಣ. ನೀನು ಕುಡಿ," ಎಂದೆ.

ರಜಾ ಬಂತು. ಅವಳು ಪೂರ್ತಿ ರಜೆಯನ್ನು ಶಂಕರಪುರದಲ್ಲೇ ಕಳೆದಳು. ನಾನು ಬೀಗಿತ್ತಿಗೆ ಫೋನು ಮಾಡಲಿಲ್ಲ.