ಕದಿರಮ್ಮಕ್ಕನ ಹೆಸರಿನ ಮೇಲೆ ಎಳೆದ ಗೀಟು

ಅವತ್ತು ಕದಿರಮ್ಮಕ್ಕನ ಹೆಸರಿನ ಮೇಲೆ ಗೀಟು ಎಳೆದವಳು ನಾನೇ. ತಪ್ಪನ್ನು ಬೇರೆ ಯಾರ ಮೇಲಾದರೂ ಹಾಕಿ ಬಚಾವಾಗೋಣವೆಂದರೆ ವಿಮೆ ಅರ್ಜಿಯಲ್ಲಿರುವ ಕೈಬರಹ ನನ್ನದು.

ದೊಡ್ಡಬಳ್ಳಾಪುರದಲ್ಲಿ ನಾನು ಮನೆ ಮನೆ ತಿರುಗಿ ಆರೋಗ್ಯ ವಿಮೆ ಮಾಡಿಸುತ್ತೇನೆ. ನಮ್ಮ ಅಬ್ಬಾ ಖಲೀಲ್ ನೂಲಿನ ಅಂಗಡಿ ಇಟ್ಟಿದ್ದವರು, ಹಾಗಾಗಿ ನೇಕಾರರ ಮನೆಗಳಲ್ಲಿ ಮೆಹ್ನಾಜ್ ಎಂದರೆ ಒಳಗೆ ಕರೆದು ಕೂರಿಸುತ್ತಾರೆ. ಕದಿರಮ್ಮಕ್ಕ, ಅವರ ಗಂಡ ಸೀನಪ್ಪಣ್ಣ, ಎರಡು ವಿದ್ಯುತ್ ಮಗ್ಗ: ಅಷ್ಟೇ ಆ ಮನೆ. ಮಗ್ಗ ಓಡಿಸುವುದು ಸೀನಪ್ಪಣ್ಣ. ಮಗ್ಗಕ್ಕೆ ಉದ್ದಕ್ಕೂ ಏರಿಸಿದ ಹಾಸು ನೂಲು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚುವುದು ಕದಿರಮ್ಮಕ್ಕ. ಸಾವಿರಾರು ಎಳೆ! ಎಳೆಯನ್ನು ನೋಡದೆಯೇ ಕೆಚ್ಚುತ್ತಿದ್ದರು, ಜೊತೆಗೆ ಬಾಯಿ ತುಂಬ ಮಾತು.

ನಾಲ್ಕು ವರ್ಷದ ಹಿಂದೆ ಇಬ್ಬರಿಗೂ ಸೇರಿಸಿ ಪಾಲಿಸಿ ಮಾಡಿಸಲು ಹೋದೆ. "ಕಾಯಿಲೆ ಏನಾದ್ರೂ ಇದ್ಯಾ ಅಕ್ಕಾ?" ಎಂದು ಕೇಳಿದ್ದೇ ತಡ, "ಸಕ್ಕರೆ ಕಾಯಿಲೆ ಕಣಮ್ಮಾ, ಎಂಟು ವರ್ಷದಿಂದ. ಮಾತ್ರೆ ತೋರಿಸ್ಲಾ?" ಅಂದರು. ಸುಮ್ಮನಿರು ಅಂತ ಸೀನಪ್ಪಣ್ಣ ಕಣ್ಣು ಮಿಟುಕಿಸಿದರು. ಆಕೆ ಬಿಡಬೇಕಲ್ಲ!

"ಸೀರೇಲಿ ಎಳೆ ತಪ್ಪಿದ್ರೆ ಸಾಹುಕಾರ್ರಿಗೆ ನಾವೇ ತೋರಿಸಲ್ವಾ? ಮುಚ್ಚಿಟ್ಟು ಆಮೇಲೆ ಸಿಕ್ಕಾಕ್ಕೊಂಡ್ರೆ ಪೂರ್ತಿ ಸೀರೆನೇ ವಾಪಸ್ ಬರುತ್ತೆ."

ಕಂಪನಿಯಿಂದ ಬೆಲೆ ಬಂತು. ಸೀನಪ್ಪಣ್ಣ ಒಬ್ಬರಿಗೇ ಆದರೆ ವರ್ಷಕ್ಕೆ ಒಂಬತ್ತು ಸಾವಿರ, ಅಕ್ಕನನ್ನೂ ಸೇರಿಸಿದರೆ ಮೂವತ್ತೊಂದು. ಅದರ ಮೇಲೆ ಮೊದಲ ಮೂರು ವರ್ಷ ಸಕ್ಕರೆಯಿಂದ ಬರುವ ಯಾವ ತೊಂದರೆಗೂ ಕಾಸು ಸಿಗುವುದಿಲ್ಲ.

"ಹೆಂಗೋ ಕಟ್ಟೋಣ ಬಿಡು," ಎಂದರು ಸೀನಪ್ಪಣ್ಣ.

"ಸುಮ್ನಿರಿ ನೀವು! ಎಳೆ ತಪ್ಪಿದ ಸೀರೆಗೆ ಬೆಲೆ ಇಳಿಸ್ತಾರೆ, ಇವ್ರು ನೋಡಿದ್ರೆ ಏರಿಸ್ತಾರಲ್ಲಾ! ನನ್ನ ತೆಗ್ದಾಕಮ್ಮಾ. ಮಗ್ಗ ಓಡ್ಸೋರು ಅವ್ರು, ಅವ್ರೊಬ್ರಿಗೆ ಸಾಕು."

ಮೂರು ವರ್ಷ ಹಲ್ಲು ಕಚ್ಚಿ ಕಟ್ಟಿ ಅಕ್ಕಾ, ಆಮೇಲೆ ಸಕ್ಕರೆಗೂ ಸಿಗುತ್ತೆ, ನಿಮಗೇ ಇದು ಬೇಕಾಗಿರೋದು ಎಂದು ನಾನು ಕೂತು ಬಿಡಿಸಿ ಹೇಳಬೇಕಿತ್ತು. ಅವತ್ತು ತಿಂಗಳ ಕೊನೆ. ನನ್ನ ಟಾರ್ಗೆಟ್‌ಗೆ ಇನ್ನೊಂದೇ ಪಾಲಿಸಿ ಬಾಕಿ. ಮೂವತ್ತೊಂದಕ್ಕೆ ಒಪ್ಪಿಸುತ್ತಾ ಕೂತರೆ ಒಂಬತ್ತೂ ಕೈತಪ್ಪೀತೆಂದು ಗೀಟು ಎಳೆದುಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಕಾಯಿಲೆಯವರಿಗೆ ಖರ್ಚು ಹೆಚ್ಚು, ಅದಕ್ಕೇ ಬೆಲೆಯೂ ಹೆಚ್ಚು ಎಂದು ಟ್ರೈನಿಂಗಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಲೆಕ್ಕ ಸರಿಯೇ ಇರಬಹುದು. ಆದರೆ ಯಾರಿಗೆ ಬೇಕೋ ಅವರೇ ಕೊಳ್ಳಲಾಗದ ಸಾಮಾನನ್ನು ನಾನು ಊರೆಲ್ಲ ಮಾರಿಕೊಂಡು ತಿರುಗುತ್ತಿದ್ದೇನೆ.

ಹೋದ ವರ್ಷ, ಆ ಪಾಲಿಸಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಗಿತ್ತು, ಮಗ್ಗದ ಕೆಳಗೆ ಬಿದ್ದಿದ್ದ ತಂತಿ ಚೂರು ಅಕ್ಕನ ಕಾಲ್ಬೆರಳಿಗೆ ಚುಚ್ಚಿತು. ಕೂದಲಿನಂಥ ಎಳೆ ಕಡಿದರೂ ಕೈಬೆರಳಲ್ಲೇ ಪತ್ತೆ ಹಚ್ಚುತ್ತಿದ್ದವರಿಗೆ ಇದು ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿತ್ತು. ನಾಲ್ಕು ದಿನ ಕಳೆದು ವಾಸನೆ ಬಂದಾಗ ನೋಡಿದರು. ಬೆರಳು ತೆಗೆದರೆ ಸಾಕು, ಬೇಗ ಬನ್ನಿ ಎಂದಿದ್ದರು ಡಾಕ್ಟರು. ಇವರದು ಎಪಿಎಲ್ ಕಾರ್ಡು, ಸರ್ಕಾರದಿಂದ ಸಿಕ್ಕಿದ್ದು ಅಷ್ಟಕ್ಕಷ್ಟೇ. ಒಂದು ಮಗ್ಗ ಮಾರಿ ದುಡ್ಡು ಹೊಂದಿಸುವಷ್ಟರಲ್ಲಿ ಮೊಣಕಾಲಿನ ಕೆಳಗೆ ಪೂರ್ತಿ ತೆಗೆಯಬೇಕಾಯಿತು.

ಮೊನ್ನೆ ಸೀನಪ್ಪಣ್ಣನ ಪಾಲಿಸಿ ನವೀಕರಿಸಲು ಹೋದೆ. ಅಕ್ಕ ಮಂಚದ ಮೇಲೆ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದರು.

"ಈಗ ನನ್ನೂ ಸೇರ್ಸಿದ್ರೆ ಎಷ್ಟಾಗುತ್ತಮ್ಮಾ? ಈ ಸಲ ಎಷ್ಟಾದ್ರೂ ಕಟ್ತೀನಿ."

ನಾನು ಆಫೀಸಿನಲ್ಲಿ ಕೇಳಿಕೊಂಡೇ ಹೋಗಿದ್ದೆ. "ಇನ್ನು ಯಾವ ಬೆಲೆಗೂ ಆಗಲ್ವಂತೆ ಅಕ್ಕಾ."

ಅವರ ಕೈ ಅಲ್ಲೇ ನಿಂತಿತು. "ಹಂಗಾದ್ರೆ ಅವತ್ತು ನೀನು ಹೇಳಿದ ಮೂವತ್ತೊಂದೇ ಅಗ್ಗ ಆಯ್ತಲ್ಲಮ್ಮಾ," ಎಂದು ನಕ್ಕರು.

ತಪ್ಪು ನನ್ನದು ಅಕ್ಕಾ ಎನ್ನುವುದು ಬಿಟ್ಟು, ಸೀನಪ್ಪಣ್ಣ ಒಬ್ಬರ ಹೆಸರಿಗೇ ರಸೀದಿ ಬರೆದುಕೊಟ್ಟು ಎದ್ದು ಬಂದೆ.