ಹೂವಿನ ನಡುವೆ ಬಿಳಿ ಗೆರೆ

ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಅವಳನ್ನು ಟೇಲರಮ್ಮ ಅಂತಲೇ ಕರೆಯುವುದು. ಹತ್ತೊಂಬತ್ತು ವರ್ಷ ಅದೇ ಬಟ್ಟೆ ಕಾರ್ಖಾನೆಯ ಹೊಲಿಗೆ ಹಾಲಿನಲ್ಲಿ ಮಷಿನ್ ತುಳಿದವಳು. ಬಲಭುಜ ಹಿಡಿದುಕೊಂಡು ಕೈ ಮೇಲೇಳದಂತಾದಾಗ, ಹೂಬಳ್ಳಿ ಚೆನ್ನಾಗಿ ಬಿಡಿಸುತ್ತಾಳಲ್ಲ ಅಂತ ಮ್ಯಾನೇಜರು ಆರು ತಿಂಗಳ ಮಟ್ಟಿಗೆ ಇಲ್ಲಿ ಕೂರಿಸಿದ್ದರು. ಇವತ್ತು ಬೆಳಿಗ್ಗೆ ಅವರೇ ಬಂದು, "ಎರಡು ಗಂಟೆಗೆ ನೋಡ್ತೀನಿ. ಗೆರೆ ಹೋಗಿರ್ಬೇಕು. ಇಲ್ದಿದ್ರೆ ನೀವು ವಾಪಸ್ ಹೊಲಿಗೆಗೇ ಹೋಗ್ಬೇಕಾಗುತ್ತಮ್ಮ" ಅಂದು ಹೋದರು.

ಗೆರೆ ಅಂದರೆ ಕೂದಲೆಳೆಯಷ್ಟು ಬಿಳಿ. ಬಿಳಿ ಬಟ್ಟೆಯ ಮೇಲೆಲ್ಲ ಕಡುನೀಲಿ ಅಚ್ಚು ಹಾಕಿದ ಹಾಸಿಗೆ ಹೊದಿಕೆಯಲ್ಲಿ ಪ್ರತಿ ಹೂಚೌಕಕ್ಕೂ ಪಕ್ಕದ ಚೌಕಕ್ಕೂ ನಡುವೆ ಎದ್ದು ಕಾಣುತ್ತಿತ್ತು. ಸ್ಕ್ರೀನಿನ ಮೇಲೆ ಹುಡುಕಿದರೆ ಮಾತ್ರ ಇಲ್ಲ.

ಅವಳ ಕೆಲಸವೆಲ್ಲ ಡಬ್ಬಿಗಳದ್ದು. ಸ್ಕ್ರೀನಿನ ಮೇಲೆ ಒಂದು ಡಬ್ಬಿ ಹೂ ಬಿಡಿಸುತ್ತದೆ, ಒಂದು ಬಣ್ಣ ತುಂಬುತ್ತದೆ, ಇನ್ನೊಂದು ಆ ಹೂಚೌಕವನ್ನು ಸಾಲಾಗಿ ಜೋಡಿಸುತ್ತದೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾರ ಪೋಣಿಸಿದ ಹಾಗೆ ಕೊಂಡಿ. ನಾಲ್ಕು ದಿನದಿಂದ ಅವಳು ದಾರ ಬಿಚ್ಚಿ ಹಾಕಿದ್ದೇ ಹಾಕಿದ್ದು. ಬಣ್ಣದ ಡಬ್ಬಿ ಬದಲಿಸಿದರೂ ಗೆರೆ ಇತ್ತು. ಹೂವನ್ನೇ ಹೊಸದಾಗಿ ಬಿಡಿಸಿದರೂ ಇತ್ತು. ಕಣ್ಣು ಉರಿದು ನೀರು ಸುರಿಯುತ್ತಿತ್ತು.

ಅಚ್ಚು ಹಾಕುವ ಮಷಿನ್ನಿನವನು ಮೂರನೇ ಸಲ ಮಷಿನ್ ತೊಳೆದು ಬಂದು ಬಾಗಿಲಿಗೊರಗಿ ನಿಂತ.

"ಟೇಲರಮ್ಮ, ನಮ್ಮನೆ ಪಾತ್ರೇನೂ ನಾನು ಇಷ್ಟು ತೊಳ್ದಿಲ್ಲ."

"ಬೇಜಾರು ಮಾಡ್ಕೋಬೇಡಿ ಅಣ್ಣ."

"ಬೇಜಾರಿಗೂ ಸುಸ್ತಾಗಿದೆ. ಸಾಹೇಬ್ರು ದಿನಾ ನನ್ನನ್ನೇ ಉಗೀತಾರೆ, ಮಷಿನ್ ಸರಿಯಾಗಿ ನೋಡ್ಕೊಳ್ಳಲ್ಲ ಅಂತ."

ಊಟದ ಹೊತ್ತಿಗೆ ಅವಳ ಅಕ್ಕ ಬಂದಳು. ಇನ್ನೂ ಹೊಲಿಗೆ ಹಾಲಿನಲ್ಲೇ ಇರುವವಳು.

"ಏನೇ, ಫ್ಯಾನ್ ಕೆಳಗೆ ಕೂತೂ ಮುಖ ಹೀಗೆ ಬಾಡಿಸ್ಕೊಂಡಿದೀಯ?"

"ಸುಮ್ನಿರೇ ಅಕ್ಕ, ತಲೆ ಕೆಟ್ಟಿದೆ."

ಅಕ್ಕ ಮೇಜಿನ ಮೇಲಿದ್ದ ಬಟ್ಟೆ ತುಂಡು ಎತ್ತಿಕೊಂಡಳು. ಬಟ್ಟೆ ಕೈಗೆ ಬಂದರೆ ಅವಳ ಬೆರಳು ತಾನಾಗೇ ಅಂಚು ಮಡಿಸುತ್ತದೆ. "ಮಡಿಕೆಗೆ ಎಷ್ಟು ಬಿಟ್ಟಿದೀಯೆ?" ಅಂದಳು, ದಿನಕ್ಕೆ ನೂರು ಸಲ ಕೇಳುವ ಹಾಗೆ.

"ಯಾವಾಗ್ಲೂ ಬಿಡೋದೇ. ಒಂದು ನೂಲು" ಅಂದ ಟೇಲರಮ್ಮ ಮಾತು ಅಲ್ಲಿಗೇ ಬಿಟ್ಟು ಸ್ಕ್ರೀನಿನತ್ತ ತಿರುಗಿದಳು.

ಸಾಲು ಜೋಡಿಸುವ ಡಬ್ಬಿ ತೆರೆದಳು. ಹೂಚೌಕದ ಅಗಲಕ್ಕಿಂತ, ಒಂದು ಚೌಕದಿಂದ ಮುಂದಿನದಕ್ಕೆ ಇಡುವ ಹೆಜ್ಜೆಯ ಅಳತೆ ಒಂದು ನೂಲಿನೆಳೆಯಷ್ಟು ಹೆಚ್ಚಿತ್ತು. ಈ ಕೋಣೆಗೆ ಬಂದ ಮೊದಲ ವಾರ ತಾನೇ ಬರೆದದ್ದು. ಹೊಲಿಗೆಯಲ್ಲಿ ಬಟ್ಟೆ ಮಡಿಸುವಾಗ ಒಂದು ನೂಲು ಮಡಿಕೆಯೊಳಗೆ ಹೋಗುತ್ತದೆ, ಅದನ್ನು ಹೆಚ್ಚಿಗೆ ಬಿಡಬೇಕು. ಹತ್ತೊಂಬತ್ತು ವರ್ಷದ ಕೈ, ಯಾರನ್ನೂ ಕೇಳದೆ ಬಿಟ್ಟಿತ್ತು. ಸ್ಕ್ರೀನು ಪ್ರತಿ ಚೌಕವನ್ನೂ ಪಕ್ಕದ್ದಕ್ಕೆ ತಾನಾಗೇ ಅಂಟಿಸಿ ತೋರಿಸುವುದರಿಂದ ಆ ಒಂದು ನೂಲು ಕಾಣದು. ಹಿಂದಿನ ಡಿಸೈನಿಗೆಲ್ಲ ಇದೇ ಡಬ್ಬಿ, ಆದರೆ ಅವುಗಳಲ್ಲಿ ಹೂವಿನ ಹಿಂದೆ ಬಣ್ಣ ತುಂಬದೆ ಬಟ್ಟೆ ಬಿಳಿಯಾಗೇ ಇತ್ತು. ಬಿಳಿಯಲ್ಲಿ ಬಿಳಿಯನ್ನು ಯಾರು ಹುಡುಕುತ್ತಾರೆ?

ಅಳತೆ ತಿದ್ದಿ ಕಳಿಸಿದಳು. ಮಷಿನ್ನಿಂದ ನೀಲಿ ಬಟ್ಟೆ ಎಲ್ಲೂ ಬಿಳಿ ಗೆರೆಯಿಲ್ಲದೆ ಇಳಿಯಿತು. ಹಿಗ್ಗಬೇಕು ಅನಿಸಲಿಲ್ಲ. ಕೂತರೆ ಸಾಕಾಗಿತ್ತು.

ಎರಡಕ್ಕೆ ಸರಿಯಾಗಿ ಬಂದ ಮ್ಯಾನೇಜರು ಬಟ್ಟೆಯನ್ನು ಬೆಳಕಿಗೆ ಹಿಡಿದು, "ಅಂತೂ ಮಷಿನ್ ಸರಿ ಮಾಡಿದ್ಯಲ್ಲಪ್ಪ" ಅಂದರು.

ಮಷಿನ್ನಿನವನಿಗೆ ಹೇಳಿದ ಮಾತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ಅಂಗೈ ತೊಳೆದು ತೊಳೆದು ಬಿಳಿಚಿ ಸುಕ್ಕಾಗಿದ್ದು ಕಣ್ಣಿಗೆ ಬಿತ್ತು.

"ಮಷಿನ್ ಮೊದಲಿಂದಲೂ ಸರಿಯಾಗೇ ಇತ್ತು ಸಾರ್. ತಪ್ಪು ನಂದು. ಅಳತೇಲಿ ಒಂದು ನೂಲು ಜಾಸ್ತಿ ಹಾಕಿದ್ದೆ."

ಮ್ಯಾನೇಜರು ಬಟ್ಟೆ ಮೇಜಿನ ಮೇಲಿಟ್ಟರು. "ಹಳೇ ಡಿಸೈನಲ್ಲೂ ಹೀಗೇ ಇದ್ಯಾ?"

"ಹದಿನೇಳು ಡಿಸೈನಲ್ಲೂ ಸಾರ್."

"ಅವನ್ನೆಲ್ಲ ಬೇರೆ ಯಾರು ಹುಡುಕಿ ತಿದ್ತಾರೆ? ನೀವೇ ಕೂತು ತಿದ್ದಿ. ಆಮೇಲೆ ಹೊಸದು ಕೊಡ್ತೀನಿ." ಮಷಿನ್ನಿನವನ ಹೆಗಲು ತಟ್ಟಿ ಹೊರಟುಹೋದರು.

"ಹದಿನೇಳಾ! ಕೆಲಸ ಉಳೀತು ಬಿಡಿ ಟೇಲರಮ್ಮ, ಕಣ್ಣು ಉಳಿಯೋದು ಅನುಮಾನ" ಅಂದ ಅವನು.

ಅವಳು ಮುಖಕ್ಕೆ ನೀರು ಹಾಕಿಕೊಂಡು ಬಂದು, ಮೊದಲನೆಯದನ್ನು ತೆರೆದಳು.